17 ಪಿಚ್ ಸ್ಟೀಲ್ ಪ್ರೊಪೆಲ್ಲರ್: ನೇತ್ರಾಣಿ ಓಡಾಟದಲ್ಲಿ ಮೂರು ಸೀಸನ್ ಆದ ಮೇಲೆ

ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಡೈವಿಂಗ್‌ನವರನ್ನು ಕರೆದೊಯ್ಯುವ ಬೋಟ್ ನಮ್ಮದು. 22 ಅಡಿಯ ಫೈಬರ್, ಹಿಂದೆ ತೂಗುಹಾಕಿದ 115 ಹಾರ್ಸ್‌ಪವರ್ ಔಟ್‌ಬೋರ್ಡ್ ಎಂಜಿನ್. ಒಂದು ಕಡೆಗೆ ಸುಮಾರು 19 ಕಿ.ಮೀ. ಈ ಮೂರು ಬ್ಲೇಡಿನ ಸ್ಟೇನ್‌ಲೆಸ್ ಸ್ಟೀಲ್ ಪ್ರೊಪೆಲ್ಲರ್ (ನಾವು ಫ್ಯಾನ್ ಅನ್ನುತ್ತೇವೆ) ಹಾಕಿ ಮೂರು ಸೀಸನ್ ಆಯಿತು.

ಮೊದಲು ಇದ್ದದ್ದು 19 ಪಿಚ್‌ನ ಅಲ್ಯೂಮಿನಿಯಂ ಫ್ಯಾನ್. ಪಿಚ್ ಅಂದರೆ, ನೀರು ಸ್ವಲ್ಪವೂ ಜಾರದೆ ಇದ್ದರೆ ಫ್ಯಾನ್ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಹೋಗಬೇಕು ಅನ್ನುವ ಲೆಕ್ಕ. ನಂಬರ್ ದೊಡ್ಡದಾದರೆ ಸ್ಪೀಡ್ ಜಾಸ್ತಿ ಎಂದು ಮಾರಿದವರು ಹೇಳಿದ್ದರು, ನಾನೂ ನಂಬಿದ್ದೆ. ಇಬ್ಬರೇ ಇದ್ದಾಗ ಚೆನ್ನಾಗಿಯೇ ಓಡುತ್ತಿತ್ತು. ಎಂಟು ಜನ, ಸಿಲಿಂಡರ್, ಪೆಟ್ರೋಲ್ ಎಲ್ಲ ಹತ್ತಿದ ಮೇಲೆ ಮಾತ್ರ ಮೂತಿ ಮೇಲೆತ್ತಿಕೊಂಡು ನೀರು ಉಳುತ್ತಾ ಹೋಗುತ್ತಿತ್ತು, ಮೇಲಕ್ಕೆ ಏಳುವುದಕ್ಕೇ ಒದ್ದಾಡುತ್ತಿತ್ತು. ಫುಲ್ ಥ್ರಾಟಲ್ ಕೊಟ್ಟರೂ 4800 ಆರ್‌ಪಿಎಂ ದಾಟಲಿಲ್ಲ. ನಮ್ಮ ಎಂಜಿನ್‌ಗೆ ಅದು 5000ದಿಂದ 6000 ಇರಬೇಕು. ಘಾಟಿ ಹತ್ತುವಾಗ ಲೋಡ್ ಲಾರಿಯನ್ನು ಟಾಪ್ ಗೇರ್‌ನಲ್ಲೇ ಎಳೆಸಿದ ಹಾಗೆ, ಅಲ್ವಾ? ಎಂಜಿನ್ ಬಾಳಿಕೆಗೂ ಕೆಟ್ಟದು.

17 ಪಿಚ್ ಸ್ಟೀಲ್ ಹಾಕಿದ ದಿನ ಅದೇ ಲೋಡಿಗೆ 5200 ಬಂತು. ಒಂದು ಇಂಚು ಪಿಚ್ ಇಳಿಸಿದರೆ ಸಾಮಾನ್ಯವಾಗಿ 150ರಿಂದ 200 ಆರ್‌ಪಿಎಂ ಏರುತ್ತದೆ, ಲೆಕ್ಕ ಸರಿಯಾಗಿಯೇ ಕೂತಿತು. ನನಗೆ ಆಶ್ಚರ್ಯ ಆಗಿದ್ದು ಸ್ಪೀಡ್ ನೋಡಿ. ಜಿಪಿಎಸ್‌ನಲ್ಲಿ ಗಂಟೆಗೆ 48 ಇದ್ದದ್ದು 52 ಕಿ.ಮೀ. ಆಯಿತು. ನಮ್ಮ ಗೇರ್ ರೇಶಿಯೋ 2.15, ಅಂದರೆ ಎಂಜಿನ್ 2.15 ಸುತ್ತು ತಿರುಗಿದರೆ ಫ್ಯಾನ್ ಒಂದು ಸುತ್ತು. ಆ ಪ್ರಕಾರ ನೀರು ಜಾರದಿದ್ದರೆ ಹಳೆಯ ಫ್ಯಾನ್ 64 ಕಿ.ಮೀ. ಮೇಲೆ ಹೋಗಬೇಕಿತ್ತು, ಅಂದರೆ ಕಾಲು ಭಾಗ ಜಾರಿಕೆಯಲ್ಲೇ ಹೋಗುತ್ತಿತ್ತು. ಹೊಸದರಲ್ಲಿ ಜಾರಿಕೆ 17 ಪರ್ಸೆಂಟ್ ಅಷ್ಟೇ. ಸ್ಟೀಲ್ ಗಟ್ಟಿ, ಹಾಗಾಗಿ ಬ್ಲೇಡ್ ತೆಳ್ಳಗೆ ಮಾಡಬಹುದು, ಲೋಡಿಗೆ ಬಾಗುವುದೂ ಕಡಿಮೆ. ಜೊತೆಗೆ ಬ್ಲೇಡಿನ ಹಿಂದಿನ ಅಂಚನ್ನು ಸ್ವಲ್ಪ ಬಗ್ಗಿಸಿರುತ್ತಾರೆ, ಕಪ್ ಅನ್ನುತ್ತಾರೆ. ಅದು ನೀರನ್ನು ಚೆನ್ನಾಗಿ ಹಿಡಿಯುತ್ತದೆ. ಮೊದಲು ಬೋಟ್ ಜೋರಾಗಿ ತಿರುಗಿಸಿದರೆ ಫ್ಯಾನ್ ನೀರಿನ ಮೇಲಿನ ಗಾಳಿ ಎಳೆದುಕೊಂಡು ಎಂಜಿನ್ ಒಮ್ಮೆಲೇ ಕೂಗುತ್ತಿತ್ತು, ಈಗ ಅದು ತುಂಬಾ ಕಡಿಮೆ.

ಹೀಗೆ ಗಾಳಿ ಎಳೆದುಕೊಳ್ಳುವುದನ್ನು ಎಲ್ಲರೂ ಕ್ಯಾವಿಟೇಶನ್ ಅಂತಾರೆ. ಅದು ಬೇರೆ. ಬ್ಲೇಡಿನ ಒಂದು ಪಕ್ಕದಲ್ಲಿ ಒತ್ತಡ ತೀರಾ ಇಳಿದು, ಬಿಸಿಯಿಲ್ಲದೆಯೇ ನೀರು ಕುದ್ದು ಗುಳ್ಳೆ ಆಗುವುದು ಕ್ಯಾವಿಟೇಶನ್. ಆ ಗುಳ್ಳೆ ಒಡೆಯುವಾಗ ಲೋಹ ತಿನ್ನುತ್ತದೆ. ನನ್ನ ಹಳೆಯ ಫ್ಯಾನ್‌ನಲ್ಲಿ ಕಲ್ಲು ತಾಗಿ ಅಂಚು ಮಡಚಿದ ಜಾಗದ ಹಿಂದೆಯೇ ಸಣ್ಣ ಸಣ್ಣ ಗುಳಿ ಬಿದ್ದಿದ್ದವು.

ಕೊರತೆಯೂ ಇದೆ. ಬೆಲೆ ಅಲ್ಯೂಮಿನಿಯಂಗಿಂತ ಎಷ್ಟೋ ಪಟ್ಟು. ಎರಡನೇ ಸೀಸನ್‌ನಲ್ಲಿ ದಡದ ಹತ್ತಿರ ಬಂಡೆ ತಾಗಿದಾಗ ಬ್ಲೇಡಿಗೆ ಏನೂ ಆಗಲಿಲ್ಲ, ಫ್ಯಾನ್‌ಗೂ ಶಾಫ್ಟಿಗೂ ನಡುವೆ ಇರುವ ರಬ್ಬರ್ ಬುಷ್ ಕಿತ್ತುಹೋಯಿತು. ಗೇರ್ ಉಳಿಸಲೆಂದೇ ಆ ಬುಷ್ ಇರುವುದು, ಅದಕ್ಕೆ ಬೇಸರವಿಲ್ಲ. ಆದರೆ ಜನರನ್ನು ಕೂರಿಸಿಕೊಂಡು ನಿಧಾನಕ್ಕೆ ತೆವಳುತ್ತಾ ವಾಪಸ್ ಬರುವುದು ಬಹಳ ಕಷ್ಟವಾಯಿತು. ಹೊಸ ಬುಷ್ ಸಿಗಲು ಮೂರು ವಾರ ಬೇಕಾಯಿತು. ಅದಕ್ಕೇ ಒಂದು ಸ್ಟಾರ್ ಕಡಿಮೆ, 5ಕ್ಕೆ 4.

ತಗೊಳ್ಳುವವರು ಮೊದಲು ನಿಮ್ಮ ಫುಲ್ ಲೋಡ್ ಹಾಕಿ ಆರ್‌ಪಿಎಂ ನೋಡಿ, ಆಮೇಲೆ ಪಿಚ್ ಹೇಳಿ. ತಿಂಗಳಿಗೊಮ್ಮೆ ಫ್ಯಾನ್ ಬಿಚ್ಚಿ. ಶಾಫ್ಟಿಗೆ ಸುತ್ತಿಕೊಂಡ ಗಾಳದ ದಾರ ಆಯಿಲ್ ಸೀಲ್ ಕತ್ತರಿಸಿಬಿಡುತ್ತದೆ, ನಮ್ಮಲ್ಲಿ ಎರಡು ಸಲ ಸಿಕ್ಕಿದೆ. ಗ್ರೀಸ್ ಹಚ್ಚಿಯೇ ವಾಪಸ್ ಹಾಕಿ. ನಾನೀಗ ಬೋಟಿನಲ್ಲಿ ಒಂದು 17 ಪಿಚ್ ಅಲ್ಯೂಮಿನಿಯಂ ಫ್ಯಾನ್, ಪಾನಾ, ಎರಡು ಸ್ಪ್ಲಿಟ್ ಪಿನ್ ಯಾವಾಗಲೂ ಇಟ್ಟಿರುತ್ತೇನೆ.