ಫೋಟೋದ ಹಿಂಬದಿಗೂ ಬೆಲೆ ಕೊಡುವ ಸ್ಟುಡಿಯೋ

ಹಳೇ ಫೋಟೋ ಸ್ಕ್ಯಾನ್ ಮಾಡಿಕೊಡುವ, ಬೆಂಗಳೂರು ಬಸವನಗುಡಿಯ ಡಿವಿಜಿ ರಸ್ತೆಯಲ್ಲಿ ಮೊದಲನೇ ಮಹಡಿ ಮೇಲಿರುವ ಈ ಹಳೇ ಸ್ಟುಡಿಯೋಗೆ ಐದರಲ್ಲಿ ನಾಲ್ಕು ಸ್ಟಾರ್ ಕೊಡ್ತಿದ್ದೀನಿ. ಒಂದನ್ನು ಯಾಕೆ ಹಿಡ್ಕೊಂಡೆ ಅಂತ ಆಮೇಲೆ ಹೇಳ್ತೀನಿ. ಪಾಸ್‌ಪೋರ್ಟ್ ಫೋಟೋಗೆ ಹೋಗೋರಿಗೆ ಈ ರಿವ್ಯೂ ಅಲ್ಲ. ಅಟ್ಟದ ಮೇಲೆ ಅಜ್ಜ-ಅಜ್ಜಿ ಕಾಲದ ಆಲ್ಬಂ ಇಟ್ಟುಕೊಂಡು ಏನಪ್ಪಾ ಮಾಡೋದು ಅಂತ ಯೋಚಿಸ್ತಿರೋರಿಗೆ.

ನಮ್ಮ ಸೊಸೆ ಜರ್ಮನಿಯವಳು, ಕಾಸೆಲ್ ಹತ್ತಿರದ ಹಳ್ಳಿ. ಅಜ್ಜಿ ತೀರಿಕೊಂಡ ಮೇಲೆ ಮನೆ ಖಾಲಿ ಮಾಡುವಾಗ ಸಿಕ್ಕ ಆಲ್ಬಮ್ಮನ್ನು ಬೆಂಗಳೂರಿಗೆ ತಂದಿದ್ದಳು. ಕಪ್ಪು ರಟ್ಟಿನ ಹಾಳೆಗಳು, ನಡುನಡುವೆ ಜೇಡರ ಬಲೆಯ ಚಿತ್ತಾರ ಒತ್ತಿದ ತೆಳು ಕಾಗದ, ಅಂಚು ಹಲ್ಲುಹಲ್ಲಾಗಿ ಕತ್ತರಿಸಿದ ಪುಟ್ಟ ಫೋಟೋಗಳು. ಕೆಲವು ಮೊದಲನೇ ಮಹಾಯುದ್ಧದವು, ಹೆಚ್ಚಿನವು ಎರಡನೆಯದರ ಕಾಲದವು. ನಾನು ಜರ್ಮನಿಯ ಬಾಷ್ ಕಂಪನಿಯ ಬೆಂಗಳೂರು ಕಾರ್ಖಾನೆ ಮೈಕೋದ ಟೂಲ್‌ರೂಮಿನಲ್ಲಿ ದುಡಿದವನು, ಜರ್ಮನ್ ಡ್ರಾಯಿಂಗ್ ಓದುವಷ್ಟು ಭಾಷೆ ಬರುತ್ತೆ. ಆದರೆ ಫೋಟೋಗಳ ಹಿಂದೆ ಪೆನ್ಸಿಲ್‌ನಲ್ಲಿ ಗೀಚಿದ್ದು ನನಗಿರಲಿ, ಸೊಸೆಗೂ ಮೊದಮೊದಲು ಓದಕ್ಕಾಗಲಿಲ್ಲ. ಅದು ಕುರೆಂಟ್ ಎನ್ನುವ ಹಳೇ ಕೈಬರಹ. 1941ರಲ್ಲಿ ಸರ್ಕಾರವೇ ಶಾಲೆಗಳಿಂದ ಅದನ್ನು ತೆಗೆಸಿತು. ನಮ್ಮ ಹಳೇ ದಫ್ತರಗಳ ಮೋಡಿ ಲಿಪಿ ಇವತ್ತು ನಮಗೆ ಹೇಗೋ, ಅವರಿಗೆ ಇದು ಹಾಗೆ.

ಮೊದಲು ಬೇರೆ ಕಡೆ ಕೊಟ್ಟಿದ್ವಿ, ಹೆಸರು ಬೇಡ. 'ಎಐ ರೆಸ್ಟೋರೇಷನ್' ಅಂತ ದೊಡ್ಡ ಬೋರ್ಡು. ವಾಪಸ್ ಬಂದಾಗ ಎಲ್ಲರಿಗೂ ಒಂದೇ ಥರ ನುಣುಪು ಕೆನ್ನೆ. ಅಜ್ಜಿಯ ಅಣ್ಣ ಸೈನ್ಯದಲ್ಲಿದ್ದವರು. ಅವರ ಭುಜಪಟ್ಟಿಯ ಅಂಚಿಗೆ ಕೆಂಪು ಬಣ್ಣ ಬಂದಿತ್ತು, ಪಟ್ಟಿ ಮೇಲಿದ್ದ ರೆಜಿಮೆಂಟ್ ಸಂಖ್ಯೆ ಮಾಯ. ಜರ್ಮನ್ ಸೈನ್ಯದಲ್ಲಿ ಆ ಅಂಚಿನ ಬಣ್ಣ ಸುಮ್ಮನೆ ಚೆಂದಕ್ಕಲ್ಲ. ಬಿಳಿ ಅಂದ್ರೆ ಪದಾತಿ, ಕೆಂಪು ಅಂದ್ರೆ ಫಿರಂಗಿ ದಳ, ಕಪ್ಪು ಅಂದ್ರೆ ಸೇತುವೆ ಕಟ್ಟುವ ಪಯನಿಯರ್‌ಗಳು. ಕಪ್ಪು-ಬಿಳುಪು ಫೋಟೋದಲ್ಲಿ ಇಲ್ಲದ ಬಣ್ಣವನ್ನು ಕಂಪ್ಯೂಟರ್ ತಾನೇ ಊಹಿಸಿ, ಪದಾತಿಯವರನ್ನು ಫಿರಂಗಿಗೆ ಟ್ರಾನ್ಸ್‌ಫರ್ ಮಾಡಿಬಿಟ್ಟಿತ್ತು!

ಈ ಸ್ಟುಡಿಯೋ ಮಾಲೀಕರು ಹಾಗಲ್ಲ. ಮೊದಲನೇ ಫೋಟೋ ಕೈಗೆ ತಗೊಂಡವರೇ ತಿರುಗಿಸಿ ನೋಡಿದರು. ಹಿಂದೆ ಅಗ್ಫಾ ಲೂಪೆಕ್ಸ್ ಅಂತ ಪೇಪರ್ ಕಂಪನಿಯ ಮುದ್ರೆ, ಕೆಳಗೆ ಪೆನ್ಸಿಲ್ ಬರಹ. "ಸಾರ್, ಇದನ್ನೂ ಸ್ಕ್ಯಾನ್ ಮಾಡ್ಲೇಬೇಕು" ಅಂದರು. ಮೊದಲು ಆಲ್ಬಂ ಪುಟವನ್ನು ಇಡಿಯಾಗಿ ಒಂದು ಸ್ಕ್ಯಾನ್, ಯಾವುದರ ಪಕ್ಕ ಯಾವುದು ಇತ್ತು ಅಂತ ಗೊತ್ತಿರಲಿ ಅಂತ. ಆಮೇಲೆ ಮೂಲೆಗಳಿಂದ ಬಿಡಿಸಲು ಬರುವ ಫೋಟೋಗಳಿಗೆ ಮುಂದೆ ಒಂದು, ಹಿಂದೆ ಒಂದು. ಗೋಂದು ಹಚ್ಚಿದ್ದನ್ನು ಕೀಳಲು ಹೋಗಲಿಲ್ಲ. ಸಾಮಾನ್ಯ ಸೈಜಿಗೆ 600 ಡಿಪಿಐ (ಅಂದ್ರೆ ಇಂಚಿಗೆ ಅಷ್ಟು ಚುಕ್ಕಿ), ತೀರಾ ಚಿಕ್ಕದಕ್ಕೆ 1200, ಎಲ್ಲವೂ ಗುಣಮಟ್ಟ ಕುಗ್ಗದಂಥ ಟಿಫ್ ಫೈಲು. ಲ್ಯಾಮಿನೇಷನ್ ಮಾಡಿಕೊಡಿ ಅಂದ್ರೆ ಬೈತಾರೆ, ಹಳೇ ಫೋಟೋ ಹಾಳಾಗುತ್ತಲ್ಲ, ಬೈಯಬೇಕಾದ್ದೇ. ಅಲ್ಲಿನ ಹುಡುಗ ಸಮವಸ್ತ್ರದ ಎದೆ ಮೇಲಿದ್ದ ಹದ್ದು, ಅದರ ಕಾಲಡಿಯ ನಾಜಿ ಗುರುತು ನೋಡಿ "ಇದನ್ನ ಅಳಿಸ್ಲಾ ಮೇಡಂ?" ಅಂದ. ಸೊಸೆ ತನ್ನ ಅರೆಬರೆ ಕನ್ನಡದಲ್ಲಿ, "ಬೇಡ, ಇದ್ದದ್ದು ಇರಲಿ" ಅಂದಳು.

ಆ ಮಾತು ಇನ್ನೊಂದು ಫೋಟೋಗೂ ಸಲ್ಲುತ್ತೆ. ಹುಲ್ಲಿನ ಗಾಡಿ ಮುಂದೆ ಮನೆಯವರೆಲ್ಲ ನಿಂತಿದ್ದಾರೆ, ತುದಿಯಲ್ಲಿ ಹದಿನೇಳು-ಹದಿನೆಂಟರ ಒಬ್ಬ ಹುಡುಗಿ. ಹಿಂದಿನ ಅಂಗಡಿಯವರು ಅವಳ ಎದೆ ಮೇಲಿದ್ದದ್ದನ್ನು ಕಲೆ ಅಂದುಕೊಂಡು ಒರೆಸಿದ್ದರು. ಇಲ್ಲಿನ ಸ್ಕ್ಯಾನಿನಲ್ಲಿ ದೊಡ್ಡದು ಮಾಡಿ ನೋಡಿದರೆ ವಜ್ರಾಕೃತಿಯ ಬಟ್ಟೆ ತುಂಡು, ಒಳಗೆ 'ಪಿ' ಅಕ್ಷರ, ಸುತ್ತ ಹೊಲಿಗೆ ಕೂಡ ಕಾಣುತ್ತೆ. ದುಡಿಸಿಕೊಳ್ಳಲು ಪೋಲೆಂಡಿನಿಂದ ತಂದ ಜನ ಹಳದಿ ಬಟ್ಟೆ ಮೇಲೆ ನೇರಳೆ ಬಣ್ಣದ ಆ ಗುರುತು ಹಾಕಿಕೊಂಡೇ ಇರಬೇಕು ಅಂತ 1940ರ ಮಾರ್ಚ್‌ನಲ್ಲಿ ನಾಜಿ ಸರ್ಕಾರ ಕಾನೂನು ಮಾಡಿತ್ತು. ಮನೆಯಲ್ಲಿ ಅವಳನ್ನು 'ಕೆಲಸಕ್ಕೆ ಬರ್ತಿದ್ದ ಹುಡುಗಿ' ಅಂತ ಹೇಳ್ತಿದ್ದರಂತೆ. "ಮಾವ, ಇವಳು ಬಂದವಳಲ್ಲ, ಎಳಕೊಂಡು ಬಂದವಳು" ಅಂದಳು ಸೊಸೆ. ಹಿಂಬದಿಯಲ್ಲಿ ಅವಳ ಹೆಸರಿದೆ. ಬರೀ ಹೆಸರು, ಮನೆತನದ ಹೆಸರಿಲ್ಲ.

ಹೀಗೆ ಸಿಕ್ಕ ಹೆಸರು ಹಿಡಿದು ಹುಡುಕೋದು ಬಸವನಗುಡಿಯಲ್ಲೇ ಕೂತು ಆಗುತ್ತೆ, ಅದಕ್ಕೂ ಎರಡು ಮಾತು. ಬಲವಂತದ ದುಡಿಮೆಯವರು, ಕ್ಯಾಂಪುಗಳಲ್ಲಿ ಇದ್ದವರು, ಇವರ ದಾಖಲೆ ಬಾಟ್ ಆರೋಲ್ಸನ್ ಊರಿನ ಆರೋಲ್ಸನ್ ಆರ್ಕೈವ್ಸ್‌ನಲ್ಲಿದೆ. ಸುಮಾರು 1.75 ಕೋಟಿ ಜನರ ಮಾಹಿತಿ, ಯುನೆಸ್ಕೋ 2013ರಲ್ಲಿ ಅದನ್ನು ವಿಶ್ವದ ಸ್ಮೃತಿ ಪಟ್ಟಿಗೆ ಸೇರಿಸಿದೆ. ಆನ್‌ಲೈನ್ ಹುಡುಕಾಟಕ್ಕೆ ಕಾಸಿಲ್ಲ. ಯುದ್ಧ ಮುಗಿದ ಮೇಲೆ ಮಿತ್ರರಾಷ್ಟ್ರಗಳು ಊರೂರಿನ ಅಧಿಕಾರಿಗಳಿಂದ ಅಲ್ಲಿದ್ದ ವಿದೇಶಿಯರ ಪಟ್ಟಿ ಬರೆಸಿದ್ದವು. ಅದಕ್ಕೇ ಊರಿನ ಹೆಸರು ಹಾಕಿಯೂ ಹುಡುಕಬಹುದು. ಸೊಸೆ ಈಗ ಅದರಲ್ಲೇ ಮುಳುಗಿದ್ದಾಳೆ.

ಸೈನಿಕರ ದಾಖಲೆ ಬೇರೆ ಕಡೆ. ಬರ್ಲಿನ್ನಿನ ಹಳೇ ಸೈನಿಕ ಮಾಹಿತಿ ಕಚೇರಿ 2019ರಲ್ಲಿ ಜರ್ಮನಿಯ ರಾಷ್ಟ್ರೀಯ ದಾಖಲೆ ಸಂಗ್ರಹ ಬುಂಡೆಸ್ ಆರ್ಕೀವ್‌ಗೆ ಸೇರಿತು. ಹೆಸರು, ಹುಟ್ಟಿದ ದಿನ, ಹುಟ್ಟಿದ ಊರು ಬರೆದು ಅರ್ಜಿ ಹಾಕಬೇಕು, ತಾಳ್ಮೆ ಬೇಕು. ಸೈನಿಕರ ಸಮಾಧಿಗಳನ್ನು ನೋಡಿಕೊಳ್ಳುವ ಫೋಕ್ಸ್‌ಬುಂಡ್ ಸಂಸ್ಥೆಯ ಆನ್‌ಲೈನ್ ಹುಡುಕಾಟವಂತೂ ಕ್ಷಣದ ಕೆಲಸ. ಅಜ್ಜಿಯ ಅಣ್ಣ ಸ್ಟಾಲಿನ್‌ಗ್ರಾಡ್‌ನಲ್ಲಿ ಕಾಣೆಯಾದವರು ಅಂತ ಅಲ್ಲೇ ಸಿಕ್ಕಿತು. ಅಂಥ ಲಕ್ಷಕ್ಕೂ ಹೆಚ್ಚು ಜನರ ಹೆಸರನ್ನು ಆ ಊರಿನ ಹತ್ತಿರದ ರೊಸೊಶ್ಕಾ ಸೈನಿಕ ಸ್ಮಶಾನದಲ್ಲಿ ಗ್ರಾನೈಟ್ ಕಲ್ಲುಗಳ ಮೇಲೆ ಕೆತ್ತಿದ್ದಾರೆ. ಮೊದಲನೇ ಯುದ್ಧದವರದ್ದೇ ಕಷ್ಟ. ಆಗಿನ ಜರ್ಮನಿಯ ದೊಡ್ಡ ರಾಜ್ಯ ಪ್ರಷ್ಯದ ಸೈನ್ಯದ ಕಡತಗಳಲ್ಲಿ ಬಹುಪಾಲು, 1945ರ ಏಪ್ರಿಲ್‌ನಲ್ಲಿ ಅವನ್ನು ಇಟ್ಟಿದ್ದ ಪಾಟ್ಸ್‌ಡಾಮ್ ಊರಿನ ಮೇಲೆ ಬಾಂಬ್ ಬಿದ್ದಾಗ ಸುಟ್ಟುಹೋದವು. ಸೊಸೆಯ ಮುತ್ತಜ್ಜ ಸೈನ್ಯದ ಯಾವ ತುಕಡಿಯಲ್ಲಿದ್ದರು ಅನ್ನೋದಕ್ಕೆ ಈಗ ಉಳಿದಿರೋದು ಅವರ ಫೋಟೋ ಹಿಂದಿನ ಎರಡು ಸಾಲು ಬರಹ. ಹಿಂಬದಿ ಸ್ಕ್ಯಾನಿಗೆ ಪ್ರತ್ಯೇಕ ಇಪ್ಪತ್ತು ರೂಪಾಯಿ ಯಾಕೆ ಅಂತ ಚೌಕಾಸಿಗೆ ಇಳಿಯೋರು ಇದನ್ನು ನೆನಪಿಡಿ.

ಇನ್ನು ಕಡಿಮೆಯಾದ ಆ ಒಂದು ಸ್ಟಾರ್. ಫೈಲುಗಳಿಗೆ ಬರೀ ಕ್ರಮಸಂಖ್ಯೆ ಹಾಕಿ ಪೆನ್‌ಡ್ರೈವಿಗೆ ಸುರಿದಿದ್ದರು, ಯಾವ ಮುಖಕ್ಕೆ ಯಾವ ಬೆನ್ನು ಅಂತ ನಾನೇ ಕೂತು ಜೋಡಿಸಿದೆ. ನೀವು ಕೊಡೋವಾಗಲೇ ಪುಟದ ಸಂಖ್ಯೆ, ಫೋಟೋ ಸಂಖ್ಯೆ, ಮುಂದೆ-ಹಿಂದೆ ಅಂತ ಹೆಸರು ಹಾಕಿಸಿಕೊಳ್ಳಿ, ಕೇಳಿದರೆ ಮಾಡ್ತಾರೆ. ಹೇಳಿದ ದಿನಕ್ಕೆ ಕೊಡೋದಿಲ್ಲ. ಮೆಟ್ಟಿಲು ಕಡಿದು, ಲಿಫ್ಟ್ ಇಲ್ಲ, ಮಂಡಿ ನೋವಿರೋರು ಮಕ್ಕಳನ್ನು ಕಳಿಸಿ. ಮಧ್ಯಾಹ್ನ ಒಂದೂವರೆಗೆ ಶಟರ್ ಎಳೆದು ಊಟಕ್ಕೆ ಹೋದರೆ ನಾಲ್ಕರವರೆಗೂ ಬರಲ್ಲ.