ಕಮೊಡೋರ್ 64 ಕೊಳ್ಳುವವರು ಅದರ ಮೂಲ ಅಡಾಪ್ಟರನ್ನು ಪ್ಲಗ್ಗಿಗೆ ಹಾಕಬೇಡಿ

ಕಳೆದ ಮಾರ್ಚ್ ತಿಂಗಳಲ್ಲಿ ಬೆಂಗಳೂರಿನ ಒಬ್ಬ ಮಾರಾಟಗಾರರಿಂದ 34,000 ರೂಪಾಯಿಗೆ ಒಂದು ಕಮೊಡೋರ್ 64 ಕಂಪ್ಯೂಟರನ್ನು ಕೊಂಡೆ. ಅದು ನಮ್ಮ ಮನೆಯಲ್ಲಿ ನಡೆದದ್ದು ಮೂರೇ ಸಂಜೆ. ಅದನ್ನು ಹಾಳುಮಾಡಿದ್ದು ಅದರ ಜೊತೆಗೇ ಬಂದ, ಮಾರಾಟಗಾರರು ಎಲ್ಲಕ್ಕಿಂತ ಹೆಚ್ಚು ಹೊಗಳಿ ಕೊಟ್ಟ, ಮೂಲ ವಿದ್ಯುತ್ ಅಡಾಪ್ಟರ್. ಹಳೆಯ ಕಂಪ್ಯೂಟರುಗಳನ್ನು ಹುಡುಕಿ ಕೊಳ್ಳುವ ಗೆಳೆಯರು ಈಗ ನಮ್ಮಲ್ಲಿಯೂ ಹೆಚ್ಚುತ್ತಿರುವುದರಿಂದ, ನನಗಾದ ನಷ್ಟ ಇನ್ನೊಬ್ಬರಿಗೆ ಆಗಬಾರದೆಂದು ನಡೆದುದನ್ನು ನಡೆದ ಹಾಗೆಯೇ ಬರೆಯುತ್ತಿದ್ದೇನೆ.

ಈ ಯಂತ್ರದ ಮೇಲೆ ನನಗಿರುವ ಮೋಹ ಇಂದಿನದಲ್ಲ. ನಮ್ಮ ಚಿಕ್ಕಪ್ಪ 1986ರಲ್ಲಿ ಇಂಗ್ಲೆಂಡಿನಿಂದ ಮೈಸೂರಿಗೆ ಮರಳುವಾಗ ಒಂದು ಕಮೊಡೋರ್ 64 ತಂದಿದ್ದರು. ರಜೆಯ ಮಧ್ಯಾಹ್ನಗಳಲ್ಲಿ ಕ್ಯಾಸೆಟ್ಟಿನಿಂದ ಆಟವೊಂದು ಲೋಡ್ ಆಗುವವರೆಗೆ ನಾವು ಐದಾರು ಮಕ್ಕಳು ಅದರ ಮುಂದೆ ಚಾಪೆ ಹಾಸಿಕೊಂಡು ಕಾಯುತ್ತಿದ್ದೆವು. ಮುಂದೆ ಮನೆ ಬದಲಿಸುವಾಗ ಅದು ಗುಜರಿಗೆ ಹೋಯಿತು. 1982ರಲ್ಲಿ ಅಮೆರಿಕದಲ್ಲಿ 595 ಡಾಲರಿಗೆ ಮಾರಾಟಕ್ಕೆ ಬಂದ ಈ ಕಂಪ್ಯೂಟರಿನಲ್ಲಿ ಇರುವುದು 64 ಕಿಲೋಬೈಟ್ ಸ್ಮರಣೆ ಮಾತ್ರ. ಆದರೆ ಸಿಡ್ ಎಂದು ಕರೆಯುವ ಅದರ ಧ್ವನಿ ಚಿಪ್ ಹೊರಡಿಸುವ ಸಂಗೀತವನ್ನು ಒಮ್ಮೆ ಕೇಳಿದವರು ಮರೆಯುವುದಿಲ್ಲ. ಆ ಚಿಪ್ಪನ್ನು ರೂಪಿಸಿದ ಬಾಬ್ ಯಾನೆಸ್ ಮುಂದೆ ಎನ್ಸಾನಿಕ್ ಎಂಬ ಸಂಗೀತ ವಾದ್ಯಗಳ ಕಂಪನಿಯನ್ನು ಕಟ್ಟಿದವರಲ್ಲಿ ಒಬ್ಬರು. ಅದೇ ಧ್ವನಿಯನ್ನು ನನ್ನ ಮಗಳಿಗೆ ಕೇಳಿಸಬೇಕೆಂಬ ಆಸೆಯಿಂದಲೇ ಎರಡು ವರ್ಷ ಹುಡುಕಿದ್ದೆ.

ಮಾರಾಟಗಾರರ ಮನೆಗೆ ಹೋದಾಗ ಯಂತ್ರವನ್ನು ಟಿವಿಗೆ ಜೋಡಿಸಿಯೇ ಇಟ್ಟಿದ್ದರು. ಸ್ವಿಚ್ ಒತ್ತಿದ ಕೂಡಲೇ ಕಡುನೀಲಿ ಪರದೆಯ ಮೇಲೆ ತಿಳಿನೀಲಿ ಅಕ್ಷರಗಳು ಮೂಡಿದವು; 38911 ಬೇಸಿಕ್ ಬೈಟ್ಸ್ ಫ್ರೀ ಎಂಬ ಸಾಲು, ಅದರ ಕೆಳಗೆ ರೆಡಿ ಎಂಬ ಪದ, ಮಿನುಗುವ ಚೌಕ. ಎರಡು ಸಾಲಿನ ಪ್ರೋಗ್ರಾಮ್ ಬರೆದು ನನ್ನ ಹೆಸರು ಪರದೆಯ ತುಂಬ ಓಡುವುದನ್ನು ನೋಡಿದೆ. ಒಟ್ಟು ಹತ್ತು ನಿಮಿಷದ ಪರೀಕ್ಷೆ ಅದು, ಅಷ್ಟಕ್ಕೇ ನಾನು ತೃಪ್ತನಾದೆ. ಕಂಪ್ಯೂಟರು ಮಾತ್ರ ಬೇಕಾದರೆ 26,000, ಪೆಟ್ಟಿಗೆ, ಕೈಪಿಡಿ ಮತ್ತು ಮೂಲ ಅಡಾಪ್ಟರ್ ಸೇರಿದರೆ 34,000 ಎಂದರು. “ಸರ್, ಒರಿಜಿನಲ್ ಅಡಾಪ್ಟರ್ ಇಲ್ಲದಿದ್ದರೆ ಸೆಟ್ ಪೂರ್ತಿ ಆಗೋದಿಲ್ಲ, ನಾಳೆ ನೀವು ಮಾರೋದಕ್ಕೆ ಹೋದರೂ ಬೆಲೆ ಬರೋದಿಲ್ಲ” ಎಂಬ ಮಾತು ನನಗೆ ಸರಿಯೆನಿಸಿತು. ಹಣವನ್ನು ಯುಪಿಐ ಮೂಲಕ ಕಳುಹಿಸಿದೆ. ಬಿಲ್ ಕೇಳಲಿಲ್ಲ, ಅವರಾಗಿ ಕೊಡಲೂ ಇಲ್ಲ.

ಮೊದಲ ಸಂಜೆ ಅರ್ಧ ಗಂಟೆ, ಎರಡನೆಯ ಸಂಜೆ ಸುಮಾರು ಒಂದು ಗಂಟೆ ಆಡಿದೆವು. ಮೂರನೆಯ ಸಂಜೆ ಮಗಳು ಆಡುತ್ತಿದ್ದಾಗ ಪರದೆಯ ಮೇಲೆ ಸಂಬಂಧವಿಲ್ಲದ ಚಿಹ್ನೆಗಳು ಚೆಲ್ಲಿದಂತೆ ತುಂಬಿಕೊಂಡವು. “ಅಪ್ಪಾ, ನಾನೇನೂ ಮಾಡಲಿಲ್ಲ” ಎಂದು ಅವಳು ಕೈ ಹಿಂದಕ್ಕೆ ಎಳೆದುಕೊಂಡಳು. ಆಫ್ ಮಾಡಿ ಮತ್ತೆ ಆನ್ ಮಾಡಿದರೆ ಪರದೆ ಪೂರ್ತಿ ಕಪ್ಪು, ಕೆಂಪು ದೀಪ ಮಾತ್ರ ಉರಿಯುತ್ತಿತ್ತು. ಮೇಜಿನ ಕೆಳಗಿದ್ದ ಅಡಾಪ್ಟರನ್ನು ಮುಟ್ಟಿದೆ, ಒಲೆಯಿಂದ ಆಗಷ್ಟೇ ಇಳಿಸಿದ ಪಾತ್ರೆಯ ಹಾಗೆ ಕಾದಿತ್ತು.

ಈ ಅಡಾಪ್ಟರ್ ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಏಕೆಂದರೆ ಅಪಾಯ ಇರುವುದೇ ಅದರ ರಚನೆಯಲ್ಲಿ. ಅದು ಕಂಪ್ಯೂಟರಿಗೆ ಎರಡು ಬಗೆಯ ವಿದ್ಯುತ್ತನ್ನು ಕೊಡುತ್ತದೆ: ಒಂದು 9 ವೋಲ್ಟ್ ಎಸಿ, ಇನ್ನೊಂದು 5 ವೋಲ್ಟ್ ಡಿಸಿ. ಐದು ವೋಲ್ಟನ್ನು ಅಲುಗದಂತೆ ಹಿಡಿದಿಡುವ ರೆಗ್ಯುಲೇಟರ್ ಅಡಾಪ್ಟರಿನ ಒಳಗೇ ಇದೆ. ಹಳೆಯ ಅಡಾಪ್ಟರುಗಳಲ್ಲಿ ಟ್ರಾನ್ಸ್‌ಫಾರ್ಮರನ್ನೂ ರೆಗ್ಯುಲೇಟರನ್ನೂ ಸೇರಿಸಿ ಎಪಾಕ್ಸಿ ಸುರಿದು ಇಟ್ಟಿಗೆಯಂತೆ ಗಟ್ಟಿ ಮಾಡಿದ್ದಾರೆ. ಬಿಸಿ ಹೊರಗೆ ಹೋಗಲು ದಾರಿಯಿಲ್ಲ, ಬಿಚ್ಚಿ ರಿಪೇರಿ ಮಾಡಲೂ ಆಗುವುದಿಲ್ಲ. ನಾಲ್ಕು ದಶಕಗಳ ಕಾಲ ಹೀಗೆ ಕಾದು ತಣಿದ ರೆಗ್ಯುಲೇಟರ್ ಕೆಟ್ಟಾಗ ವಿದ್ಯುತ್ತು ನಿಂತುಹೋಗಿದ್ದರೆ ಯಾರಿಗೂ ನಷ್ಟವಿರುತ್ತಿರಲಿಲ್ಲ. ಆದರೆ ಇದು ಬಹಳ ಸಲ ಕೆಡುವುದು ಮೇಲ್ಮುಖವಾಗಿ: ತಡೆ ಬಿಟ್ಟುಹೋಗಿ ಐದು ಇರಬೇಕಾದ ಕಡೆ ಆರು, ಏಳು, ಎಂಟು ವೋಲ್ಟ್ ಹರಿಯುತ್ತದೆ. ಆ ತಂತಿ ನೇರವಾಗಿ ಸ್ಮರಣೆಯ ಚಿಪ್ಪುಗಳಿಗೆ ಹೋಗುತ್ತದೆ, ನಡುವೆ ಇನ್ನಾವ ಕಾವಲೂ ಇಲ್ಲ.

ಮರುದಿನ ಬೆಳಿಗ್ಗೆ ಅಡಾಪ್ಟರನ್ನು ಮಲ್ಟಿಮೀಟರಿಗೆ ಹಿಡಿದಾಗ 5.1 ವೋಲ್ಟ್ ತೋರಿಸಿತು. ತಪ್ಪು ಬೇರೆ ಎಲ್ಲೋ ಇರಬೇಕೆಂದುಕೊಂಡು ಒಂದು ದಿನ ವ್ಯರ್ಥ ಮಾಡಿದೆ. ನಮ್ಮ ಬಡಾವಣೆಯಲ್ಲಿ ಮೂವತ್ತು ವರ್ಷಗಳಿಂದ ಟಿವಿ ರಿಪೇರಿ ಮಾಡುತ್ತಿರುವ ಹಿರಿಯರೊಬ್ಬರು ಅದನ್ನು ನೋಡಿ, ತಣ್ಣಗಿರುವಾಗ ಅಳೆದರೆ ಏನೂ ತಿಳಿಯದು ಎಂದರು. 5 ಓಮಿನ, 10 ವಾಟಿನ ರೆಸಿಸ್ಟರೊಂದನ್ನು ಜೋಡಿಸಿ ಒಂದು ಆಂಪಿಯರಿನಷ್ಟು ಹೊರೆ ಹಾಕಿ ಕುಳಿತೆವು. ಇಪ್ಪತ್ತು ನಿಮಿಷ 5.1 ಇತ್ತು. ಆಮೇಲೆ 5.4, 5.9. ಮೂವತ್ತೈದನೆಯ ನಿಮಿಷಕ್ಕೆ 7.3 ದಾಟಿತು, ಅವರು ಪ್ಲಗ್ ಕಿತ್ತರು. ಮಾರಾಟಗಾರರ ಮನೆಯ ಹತ್ತು ನಿಮಿಷದ ಪರೀಕ್ಷೆಯಲ್ಲಿ ಇದು ಯಾಕೆ ಕಾಣಲಿಲ್ಲ ಎಂಬುದು ಆಗ ಅರ್ಥವಾಯಿತು.

ಇಷ್ಟೇ ಆಗಿದ್ದರೆ ಇದನ್ನು ನನ್ನ ದುರದೃಷ್ಟವೆಂದು ಬಿಟ್ಟುಬಿಡುತ್ತಿದ್ದೆ. ಆದರೆ ಕಂಪ್ಯೂಟರಿನ ತಳದ ಮೂರು ಸ್ಕ್ರೂ ಬಿಚ್ಚಿ ಒಳಗೆ ನೋಡಿದಾಗ ಬೇರೆಯೇ ಕಥೆ ಕಂಡಿತು. ಸ್ಮರಣೆಗೆಂದು ಸಾಲಾಗಿ ಕೂರಿಸಿರುವ ಎಂಟು 4164 ಚಿಪ್ಪುಗಳಲ್ಲಿ ಐದು ಒಂದೇ ತಯಾರಕರವು, ಕಾಲುಗಳಲ್ಲಿ ಹಳೆಯ ಮಂಕು ಬಣ್ಣ, ನೇರವಾಗಿ ಬೋರ್ಡಿಗೆ ಬೆಸೆದವು. ಉಳಿದ ಮೂರು ಬೇರೆ ತಯಾರಕರವು, ಹೊಚ್ಚ ಹೊಸ ಸಾಕೆಟ್ಟುಗಳಲ್ಲಿ ಕುಳಿತಿದ್ದವು. ಬೋರ್ಡನ್ನು ಮಗುಚಿದರೆ ಆ ಮೂರರ ಕೆಳಗೆ ಬೆಸುಗೆ ಫಳಫಳ ಹೊಳೆಯುತ್ತಿತ್ತು, ಸುತ್ತಲೂ ಬೆಸುಗೆ ಹಾಕುವಾಗ ಬಳಸುವ ಕಂದು ಬಣ್ಣದ ಫ್ಲಕ್ಸ್ ಒರೆಸದೆ ಅಂಟಿಕೊಂಡಿತ್ತು, ಬೆರಳಿಗೆ ಜಿಗುಟು ಹತ್ತಿತು. ಅಂದರೆ ಈ ಯಂತ್ರ ಇತ್ತೀಚೆಗೆ ಒಮ್ಮೆ ಇದೇ ರೀತಿ ಸತ್ತಿತ್ತು. ಮೂರು ಚಿಪ್ ಬದಲಿಸಿ ಬದುಕಿಸಿದ ಮೇಲೆ, ಕೊಂದ ಅಡಾಪ್ಟರನ್ನೇ ಒರೆಸಿ ಪೆಟ್ಟಿಗೆಯಲ್ಲಿಟ್ಟು, ಅದಕ್ಕೆ ಬೇರೆ ಬೆಲೆ ಕಟ್ಟಿ ನನಗೆ ಮಾರಿದ್ದರು. ನನಗೆ ಸಿಟ್ಟು ಬಂದದ್ದು ಹಣಕ್ಕಾಗಿ ಅಲ್ಲ. ಇಂಥ ಯಂತ್ರಗಳು ಇನ್ನು ತಯಾರಾಗುವುದಿಲ್ಲ, ಉಳಿದಿರುವ ಒಂದೊಂದನ್ನೂ ಗೊತ್ತಿದ್ದೂ ಹೀಗೆ ಸಾಯಲು ಬಿಡುವುದು ನನ್ನ ದೃಷ್ಟಿಯಲ್ಲಿ ದೊಡ್ಡ ತಪ್ಪು.

ಫೋನ್ ಮಾಡಿದಾಗ ಅವರು ಮೊದಲು “ನಿಮ್ಮ ಮನೆ ವೋಲ್ಟೇಜ್ ಸರಿ ಇಲ್ಲ ಸರ್” ಎಂದರು. ಗೋಡೆಯ ವಿದ್ಯುತ್ತು ಸ್ವಲ್ಪ ಏರಿಳಿದರೂ ಐದು ವೋಲ್ಟನ್ನು ಐದಾಗಿಯೇ ಇಡುವುದು ರೆಗ್ಯುಲೇಟರಿನ ಕೆಲಸ ಎಂದು ಹೇಳಿದೆ. ಸಾಕೆಟ್ಟುಗಳ ವಿಷಯ ಎತ್ತಿದಾಗ ಮಾತು ಬದಲಾಯಿತು: ಹಳೆಯ ಸಾಮಾನಿಗೆ ಗ್ಯಾರಂಟಿ ಇರುವುದಿಲ್ಲ, ನೀವೇ ನೋಡಿ ಒಪ್ಪಿ ತೆಗೆದುಕೊಂಡಿದ್ದೀರಿ. ಆ ನಂತರ ಅವರು ಕರೆ ಸ್ವೀಕರಿಸಲಿಲ್ಲ. ಬಿಲ್ ಆಗಲಿ, ಯಂತ್ರದ ಸ್ಥಿತಿಯ ಬಗ್ಗೆ ಅವರು ಬರೆದುಕೊಟ್ಟ ಒಂದು ಸಾಲಾಗಲಿ ಇಲ್ಲದ್ದರಿಂದ ನನ್ನ ಕೈ ಕಟ್ಟಿದಂತಾಯಿತು. ನೀವು ಕೊಳ್ಳುವಾಗ, ಯಂತ್ರವನ್ನು ಹಿಂದೆ ರಿಪೇರಿ ಮಾಡಲಾಗಿದೆಯೇ, ಏನು ಬದಲಿಸಲಾಗಿದೆ ಎಂಬುದನ್ನು ವಾಟ್ಸಾಪಿನಲ್ಲಾದರೂ ಬರೆಸಿಕೊಳ್ಳಿ.

ರಿಪೇರಿಗೆ ಎರಡು ತಿಂಗಳು ಹಿಡಿಯಿತು. ಎಂಟರಲ್ಲಿ ಆರು ಸ್ಮರಣೆ ಚಿಪ್ಪುಗಳು ಸತ್ತಿದ್ದವು, ಪಿಎಲ್‌ಎ ಎಂಬ ಇನ್ನೊಂದು ಚಿಪ್ಪೂ ಹೋಗಿತ್ತು. 4164 ಚಿಪ್ಪುಗಳನ್ನು ಎಸ್.ಪಿ. ರಸ್ತೆಯ ಹಳೆಯ ಸಾಮಾನಿನ ರಾಶಿಯಲ್ಲಿ ಸಿಕ್ಕ ಪಿಸಿ ಎಕ್ಸ್‌ಟಿ ಎಂಬ ಹಳೆಯ ಕಂಪ್ಯೂಟರಿನ ಬೋರ್ಡೊಂದರಿಂದ ಕಳಚಿ ತೆಗೆದೆವು, ಪಿಎಲ್‌ಎಗೆ ಬದಲಿಯನ್ನು ಹೊರದೇಶದಿಂದ ತರಿಸಬೇಕಾಯಿತು. ಎಲ್ಲ ಸೇರಿ 9,600 ರೂಪಾಯಿ. ಸಿಡ್ ಚಿಪ್ ಉಳಿದಿತ್ತು, ಅದೊಂದು ಹೋಗಿದ್ದರೆ ನಾನು ಯಂತ್ರವನ್ನು ಅಲ್ಲಿಗೇ ಕೈಬಿಡುತ್ತಿದ್ದೆನೇನೋ. ಸಿಡ್ ಈಗ ತಯಾರಾಗುತ್ತಿಲ್ಲ, ಬೇರೆ ಚಿಪ್ಪಿನ ಮೇಲ್ಮೈ ಉಜ್ಜಿ 6581 ಎಂಬ ಸಿಡ್ ಚಿಪ್ಪಿನ ಸಂಖ್ಯೆ ಮುದ್ರಿಸಿ ಮಾರುವವರೂ ಇದ್ದಾರೆ.

ಈಗ ಕೊಳ್ಳಲು ಹೊರಟವರಿಗೆ ನನ್ನ ಬಿನ್ನಹ. ಮೂಲ ಅಡಾಪ್ಟರ್ ಸಿಕ್ಕರೆ ಸಂಗ್ರಹದಲ್ಲಿ ಇಟ್ಟುಕೊಳ್ಳಿ, ಆದರೆ ಅದಕ್ಕೆಂದು ಹೆಚ್ಚು ಹಣ ಕೊಡಬೇಡಿ ಮತ್ತು ಅದರಿಂದ ಯಂತ್ರವನ್ನು ಒಮ್ಮೆಯೂ ಚಾಲೂ ಮಾಡಬೇಡಿ. ಮಾರಾಟಗಾರರ ಮನೆಯ ಪರೀಕ್ಷೆಗೂ ಇದು ಅನ್ವಯಿಸುತ್ತದೆ. ಈ ಕಂಪ್ಯೂಟರಿಗಾಗಿಯೇ ಹೊಸದಾಗಿ ಮಾಡಿದ ಅಡಾಪ್ಟರುಗಳು ಸಿಗುತ್ತವೆ, ಮೊದಲು ಅದನ್ನು ತರಿಸಿಕೊಂಡು ಆಮೇಲೆ ಯಂತ್ರ ಹುಡುಕಿ. ಮೂಲ ಅಡಾಪ್ಟರನ್ನೇ ಬಳಸುವ ಅನಿವಾರ್ಯತೆ ಇದ್ದರೆ, ವೋಲ್ಟೇಜ್ ಮಿತಿ ದಾಟಿದೊಡನೆ ಸಂಪರ್ಕ ಕಡಿಯುವ ಸಣ್ಣ ರಕ್ಷಣಾ ಸರ್ಕ್ಯೂಟನ್ನು ನಡುವೆ ಹಾಕಿ. ಮಾರಾಟಗಾರರು ಯಂತ್ರವನ್ನು ಬಿಚ್ಚಿ ತೋರಿಸಲು ಒಪ್ಪದಿದ್ದರೆ ಎದ್ದು ಬನ್ನಿ. ಬಿಚ್ಚಲು ಬೇಕಾದದ್ದು ಒಂದು ಸ್ಕ್ರೂಡ್ರೈವರ್, ಐದು ನಿಮಿಷ. ರಿಪೇರಿ ಆಗಿರುವುದು ದೋಷವಲ್ಲ, ಅದನ್ನು ಮುಚ್ಚಿಡುವುದು ದೋಷ.

ಬೇರೆ ಯಂತ್ರಗಳಲ್ಲಿಯೂ ವಿದ್ಯುತ್ತಿನ ವಿಷಯದಲ್ಲಿ ಇಂಥ ಎಚ್ಚರಿಕೆ ಬೇಕು. ಜಪಾನಿನಿಂದ ಬಂದ ಫ್ಯಾಮಿಕಾಮ್ ಎಂಬ ವಿಡಿಯೋ ಆಟದ ಯಂತ್ರದ ಅಡಾಪ್ಟರ್ 100 ವೋಲ್ಟಿನದು, ನಮ್ಮ 230 ವೋಲ್ಟಿಗೆ ನೇರ ಹಾಕಿದರೆ ಸುಟ್ಟುಹೋಗುತ್ತದೆ. ಜೆಡ್‌ಎಕ್ಸ್ ಸ್ಪೆಕ್ಟ್ರಮ್ ಎಂಬ ಹಳೆಯ ಕಂಪ್ಯೂಟರಿನ ಅಡಾಪ್ಟರ್ ಪಿನ್ನಿನಲ್ಲಿ ನಡುಭಾಗ ನೆಗೆಟಿವ್, ಮನೆಯಲ್ಲಿರುವ ಯಾವುದೋ 9 ವೋಲ್ಟ್ ಅಡಾಪ್ಟರ್ ಸರಿಯಾಗಿ ಕೂರುತ್ತದೆಂದು ಚುಚ್ಚಬೇಡಿ. ಅಮಿಗಾ 4000ದಂಥ ಯಂತ್ರಗಳ ಬೋರ್ಡಿನಲ್ಲಿರುವ ಹಳೆಯ ಬ್ಯಾಟರಿ ಸೋರಿ ತಾಮ್ರದ ಗೆರೆಗಳನ್ನೇ ತಿನ್ನುತ್ತದೆ, ಅದನ್ನು ನೋಡದೆ ಹಣ ಕೊಡಬೇಡಿ.

ಕಳೆದ ವಾರ ಅದೇ ಮಾರಾಟಗಾರರ ಹೊಸ ಜಾಹೀರಾತು ಕಂಡೆ. ಇನ್ನೊಂದು ಕಮೊಡೋರ್ 64, ಅದೇ ಮೇಜು, ಅದೇ ಟಿವಿ, “ಒರಿಜಿನಲ್ ಅಡಾಪ್ಟರ್ ಸಹಿತ” ಎಂಬ ಅದೇ ಸಾಲು. ಅಡಾಪ್ಟರಿನ ಬಗ್ಗೆ ಎಚ್ಚರಿಸಿ ಸಂದೇಶ ಕಳುಹಿಸಿದೆ, ಉತ್ತರ ಬರಲಿಲ್ಲ. ನಾಲ್ಕು ದಿನದ ಮೇಲೆ ನೋಡಿದರೆ ಅದು ಮಾರಾಟವಾಗಿತ್ತು. ಅದನ್ನು ಕೊಂಡವರು ಇದನ್ನು ಓದುತ್ತಿದ್ದರೆ, ದಯವಿಟ್ಟು ಈಗಲೇ ಎದ್ದು ಹೋಗಿ ಆ ಪ್ಲಗ್ ಕಿತ್ತುಬಿಡಿ.