ಪಿನ್ನಿನ ಮೋಟಾರೋ, ಆರ್ಡುಯಿನೋ ಕಿಟ್ಟೋ?

ನಮ್ಮ ಒಂಬತ್ತನೇ ಕ್ಲಾಸಿನಲ್ಲಿ 36 ಮಕ್ಕಳು. ಹಳೇ ವಿದ್ಯಾರ್ಥಿಗಳು ಕೊಡಿಸಿದ ಆರ್ಡುಯಿನೋ (ಪ್ರೋಗ್ರಾಮ್ ಹಾಕಿ ಲೈಟು, ಮೋಟಾರು ನಡೆಸುವ ಪುಟ್ಟ ಸರ್ಕ್ಯೂಟ್ ಬೋರ್ಡು) ಕಿಟ್ ನಾಲ್ಕು. ಅಂದರೆ ಒಂದು ಕಿಟ್ಟಿಗೆ ಒಂಬತ್ತು ಜನ. ಇಬ್ಬರು ಕೈ ಹಾಕಿದರೆ ಏಳು ಜನ ಸುಮ್ನೆ ಇಣುಕುತ್ತಾರೆ, ಅಷ್ಟೇ.

ಅದಕ್ಕೇ ಮೊದಲ ತಿಂಗಳು ಕಿಟ್ ಬೀರುವಿನಲ್ಲೇ ಇಟ್ಟೆ. ಕಸದಿಂದ ಆಟಿಕೆ ಮಾಡುವುದನ್ನು ದೇಶಕ್ಕೆಲ್ಲ ಹೇಳಿಕೊಟ್ಟು 2018ರಲ್ಲಿ ಪದ್ಮಶ್ರೀ ಪಡೆದ ಅರವಿಂದ ಗುಪ್ತ ಅವರ ದಾರಿ ಹಿಡಿದೆ. ಪಂಪ್‌ಸೆಟ್ ರಿವೈಂಡಿಂಗ್ ಅಂಗಡಿಯವರು ತುಂಡು ತಾಮ್ರದ ತಂತಿ ಪುಕ್ಕಟೆ ಕೊಟ್ಟರು. ಟಾರ್ಚಿನ ದಪ್ಪ ಸೆಲ್, ಎರಡು ಸೇಫ್ಟಿ ಪಿನ್, ಹಳೇ ಸ್ಪೀಕರಿನ ಆಯಸ್ಕಾಂತ. ತಂತಿಯನ್ನು ಸುರುಳಿ ಸುತ್ತಿ, ಅದರ ಎರಡು ತುದಿಗಳನ್ನು ಸೆಲ್ಲಿಗೆ ಕಟ್ಟಿದ ಪಿನ್ನುಗಳ ಕಣ್ಣಿನಲ್ಲಿ ಕೂರಿಸಿ, ಕೆಳಗೆ ಆಯಸ್ಕಾಂತ ಇಡುವುದು. ಮೋಟಾರಿಗೆ ಇಷ್ಟು ಸಾಕು.

ಮೊದಲ ದಿನ ಒಂದೂ ತಿರುಗಲಿಲ್ಲ! ಎಲ್ಲರ ಸುರುಳಿಯೂ ತೊಟ್ಟಿಲಿನ ಹಾಗೆ ಅತ್ತಿತ್ತ ತೂಗಿತು. ನಾನು ಬಾಯಿ ಬಿಡಲಿಲ್ಲ. ಮೂರನೇ ದಿನ ಒಬ್ಬ ಹುಡುಗಿಯದು ಮಾತ್ರ ಗಿರ್ ಅಂತ ತಿರುಗಿತು. ಅವಳು ತಂತಿಯ ಒಂದು ತುದಿಯ ವಾರ್ನಿಶ್ (ಕರೆಂಟ್ ತಡೆಯುವ ಲೇಪ) ಪೂರ್ತಿ ಕೆರೆದಿದ್ದಳು, ಇನ್ನೊಂದು ತುದಿಯನ್ನು ಅರ್ಧ, ಅಂದರೆ ಒಂದು ಮಗ್ಗುಲು ಮಾತ್ರ. ಬ್ಲೇಡ್ ಮೊಂಡಾಗಿತ್ತಂತೆ. ಎರಡೂ ತುದಿ ಪೂರ್ತಿ ಕೆರೆದರೆ ಅರ್ಧ ಸುತ್ತಾದ ಮೇಲೆ ಸುರುಳಿಗೆ ಉಲ್ಟಾ ತಳ್ಳು ಬೀಳುತ್ತದೆ. ಅರ್ಧ ಕೆರೆದರೆ ಆ ಹೊತ್ತಿಗೆ ಕರೆಂಟೇ ಇರುವುದಿಲ್ಲ, ಸುರುಳಿ ತನ್ನ ವೇಗದಲ್ಲೇ ದಾಟಿಕೊಳ್ಳುತ್ತದೆ. ಇದನ್ನು ಮಕ್ಕಳೇ ಜಗಳವಾಡಿ ಕಂಡುಕೊಂಡರು.

ಎರಡನೇ ತಿಂಗಳು ಕಿಟ್. ಮೊದಲ ಪೀರಿಯಡ್ ಪೂರ್ತಿ ನನ್ನ ಗೋಳಿಗೇ ಹೋಯಿತು. ಕಂಪ್ಯೂಟರಿಗೆ ಬೋರ್ಡೇ ಕಾಣಿಸಲಿಲ್ಲ. ನಮ್ಮದು ಅಗ್ಗದ ನಕಲಿ ಬೋರ್ಡು, ಅದನ್ನು ಗುರುತಿಸಲು ಕಂಪ್ಯೂಟರಿಗೆ ಡ್ರೈವರ್ ಅನ್ನೋ ಸಾಫ್ಟ್‌ವೇರ್ ಬೇರೆ ಹಾಕಬೇಕಿತ್ತು. ಆಮೇಲೂ ಏನೇ ಕೆಟ್ಟರೂ "ಸಾರ್, ಬರ್ತಿಲ್ಲ" ಅಂತ ನನ್ನ ಕಡೆಗೇ ನೋಡುತ್ತಿದ್ದರು. ಪಿನ್ನಿನ ಮೋಟಾರ್ ನಿಂತಾಗ ಯಾರೂ ನನ್ನನ್ನು ಕರೆದಿರಲಿಲ್ಲ.

ಆದರೆ ಬಿಸಿಯೂಟದ ಕೋಣೆಯ ನೀರಿನ ಟ್ಯಾಂಕ್ ತುಂಬಿ ಹರಿಯುವುದಕ್ಕೆ ಅಲಾರಂ ಮಾಡಿದಾಗ ಲೆಕ್ಕ ತಿರುಗಿತು. ನೀರು ಮುಟ್ಟಿದರೆ ಕೂಗುವುದಕ್ಕೆ ಬಜರ್ ಜೊತೆ ಒಂದು ಟ್ರಾನ್ಸಿಸ್ಟರ್ (ಸಣ್ಣ ಕರೆಂಟಿನಿಂದ ದೊಡ್ಡದನ್ನು ಆನ್ ಮಾಡುವ ಪುಟ್ಟ ಬಿಡಿಭಾಗ) ಸಾಕು, ಆರ್ಡುಯಿನೋ ಬೇಕಿಲ್ಲ. ಅಡುಗೆಯವರು "ಮೂರು ಸಲ ಕೂಗಿ ಸುಮ್ಮನಾಗಲಿ, ತಲೆನೋವು" ಅಂದರು ನೋಡಿ, ಆಗ ಕಿಟ್ ಗೆದ್ದಿತು. ವೈರ್ ಮುಟ್ಟದೆ, ಪ್ರೋಗ್ರಾಮಿನಲ್ಲಿ ಎರಡು ಸಾಲು ತಿದ್ದಿದರೆ ಆಯಿತು.

ರೆಡಿಮೇಡ್ ರೋಬೋ ಕಾರನ್ನೂ ತರಿಸಿದ್ದೆ. ಒಂದು ಗಂಟೆಯಲ್ಲಿ ಓಡಿತು, ಮತ್ತೆ ಯಾರೂ ಅದನ್ನು ಬಿಚ್ಚಲಿಲ್ಲ. ಅದಕ್ಕೆ ಕೊಟ್ಟ ದುಡ್ಡು ದಂಡ.

ಈ ವರ್ಷ ಜೂನ್‌ನಿಂದ ಪಿನ್ನು, ದಸರಾ ರಜೆ ಮುಗಿದ ಮೇಲೆ ಕಿಟ್. ಬ್ಲೇಡ್ ಮಾತ್ರ ಬೇಕಂತಲೇ ಹಳೇದು ಕೊಡುತ್ತಿದ್ದೇನೆ.